ಹಳದಿ ಬೀದಿಯ ಊಟದ ಮನೆ

ಊರಿನ ನಕ್ಷೆಗೆ ಬಣ್ಣ ಹಚ್ಚುವುದು ನನ್ನ ಕೆಲಸ. ಹೀಗೆ ಹೇಳಿದರೆ ಕೇಳಿದವರು ನನ್ನನ್ನು ಡ್ರಾಯಿಂಗ್ ಟೀಚರ್ ಅಂದುಕೊಳ್ಳುತ್ತಾರೆ. ಸಾಗರದ ಯಾವ ಬೀದಿಯಲ್ಲಿ ಅಂಗಡಿ ಇರಬಹುದು, ಯಾವುದರಲ್ಲಿ ಮನೆ ಮಾತ್ರ ಇರಬೇಕು, ಯಾವ ಗದ್ದೆ ಗದ್ದೆಯಾಗಿಯೇ ಉಳಿಯಬೇಕು ಎಂದು ಗುರುತು ಮಾಡುವ ಕಚೇರಿಯಲ್ಲಿ ನಾನು ನೌಕರಳು. ಮನೆಗಳಿಗೆ ಹಳದಿ, ಅಂಗಡಿಗಳಿಗೆ ನೀಲಿ, ಶಾಲೆ ಆಸ್ಪತ್ರೆಗಳಿಗೆ ಕೆಂಪು, ಗದ್ದೆ ತೋಟಗಳಿಗೆ ಹಸಿರು. ಈಗ ಎಲ್ಲ ಕಂಪ್ಯೂಟರಿನಲ್ಲೇ ಆಗುತ್ತದೆ. ಆದರೂ ಬೀದಿಗೆ ಹೋಗುವಾಗ ನಾನು ದೊಡ್ಡದೊಂದು ಪ್ರಿಂಟು, ಜೊತೆಗೆ ಬಣ್ಣದ ಪೆನ್ಸಿಲ್ಲಿನ ಡಬ್ಬಿ ಹಿಡಿದುಕೊಂಡೇ ಹೋಗುವುದು. ಪರದೆಯ ಮೇಲಿನ ಬಣ್ಣವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಜನರನ್ನೂ ನಂಬುವುದಿಲ್ಲ ಎಂದು ಸಹೋದ್ಯೋಗಿಗಳು ಆಡಿಕೊಳ್ಳುತ್ತಾರೆ. ನನಗೆ ಮೂಗಿನ ತುದಿಯಲ್ಲೇ ಕೋಪವಂತೆ. ಇರಲಿ ಬಿಡಿ, ಮೂಗು ನನ್ನದು.

ನಾನು ಬೆಳೆದದ್ದು ಕಾರ್ಗಲ್ಲಿನ ಕ್ವಾರ್ಟರ್ಸಿನಲ್ಲಿ. ಅಪ್ಪ ವಿದ್ಯುತ್ ಯೋಜನೆಯ ಕೆಲಸದಲ್ಲಿದ್ದರು. ನಮ್ಮ ಸಾಲಿನ ಎಲ್ಲ ಮನೆಗಳಿಗೂ ಒಂದೇ ಅಳತೆಯ ಕಿಟಕಿ, ಒಂದೇ ಬಣ್ಣದ ಬಾಗಿಲು. ಅಪ್ಪ ನಿವೃತ್ತರಾದ ತಿಂಗಳಲ್ಲೇ ಮನೆ ಬಿಟ್ಟುಕೊಟ್ಟೆವು. ಆಮೇಲೆ ಬಾಡಿಗೆ ಮನೆಗಳು, ಆಮೇಲೆ ಅಪ್ಪ ಹೋದರು, ಅಮ್ಮ ಹೋದರು. ನನಗೆ ಮದುವೆಯಾಗಲಿಲ್ಲ, ಒಡಹುಟ್ಟಿದವರೂ ಇಲ್ಲ. ನಮ್ಮ ಕಡೆ ಮಾತು ಶುರುವಾಗುವುದೇ "ನಿಮ್ದು ಯಾವೂರು? ಯಾರ ಪೈಕಿ?" ಎಂಬ ಪ್ರಶ್ನೆಯಿಂದ. ಕಾರ್ಗಲ್ ಎಂದರೆ, "ಅದು ಕೆಲಸದ ಊರಾಯ್ತಲ, ಮೂಲ ಯಾವ್ದು?" ಎನ್ನುತ್ತಾರೆ. ಅಜ್ಜನ ಕಾಲದಲ್ಲೇ ಊರು ಬಿಟ್ಟವರ ಮೊಮ್ಮಗಳು ನಾನು, ಎಲ್ಲಿಂದ ಮೂಲ ತರಲಿ? ಯಾರ ಪೈಕಿಯೂ ಅಲ್ಲ ಎಂದು ಒಂದೆರಡು ಸಲ ಸಿಡುಕಿದ್ದೇನೆ. ಹಾಗೆ ಅಂದ ಮೇಲೆ ಯಾರೂ ಮಾತು ಮುಂದುವರಿಸುವುದಿಲ್ಲ.

ಸಾಗರಕ್ಕೆ ವರ್ಗವಾಗಿ ಬಂದಾಗ ಒಂದು ಮಹಡಿ ರೂಮು ಸಿಕ್ಕಿತು. ವಾರಕ್ಕೊಂದು ದಿನ ಹೊಸನಗರದ ಕೆಲಸ, ತಿಂಗಳಿಗೆರಡು ಸಲ ತೀರ್ಥಹಳ್ಳಿಯದು, ಉಳಿದ ದಿನ ಸಾಗರದಲ್ಲೇ. ಸಂಜೆ ಕಚೇರಿ ಬಿಟ್ಟ ಮೇಲೆ ನನ್ನ ಜೊತೆ ಮಾತಾಡುವವರು ಯಾರೂ ಇರಲಿಲ್ಲ. ಶನಿವಾರ ಸಂಜೆ ಮುಚ್ಚಿದ ಬಾಯಿ ಸೋಮವಾರ ಬೆಳಿಗ್ಗೆ ತೆರೆದರೆ ಗಂಟಲು ಕಟ್ಟಿಕೊಂಡಿರುತ್ತಿತ್ತು. ಒಬ್ಬಳಿಗೆಂದು ಅಡುಗೆ ಮಾಡುವುದಂತೂ ನನಗೆ ಬಲು ಬೇಸರ. ಒಂದು ತೊಂಡೆಕಾಯಿ ಪಲ್ಯ ಮೂರು ದಿನ ಬರುತ್ತಿತ್ತು. ಮೂರನೆಯ ದಿನ ಅದರ ಪಾತ್ರೆಯ ಮುಚ್ಚಳ ತೆಗೆದರೆ ಅಳುವೇ ಬರುತ್ತಿತ್ತು. ಒಂಟಿತನ ಅನ್ನುವ ಪದವನ್ನು ನಾನು ಯಾರೆದುರೂ ಬಳಸಿದವಳಲ್ಲ. ಈಗ ಬಳಸುತ್ತೇನೆ, ಅದು ಅದೇ ಆಗಿತ್ತು.

ಕಚೇರಿಯ ಅಟೆಂಡರ್ ಒಂದು ದಿನ ನನ್ನ ಊಟದ ಡಬ್ಬಿಯೊಳಗೆ ಇಣುಕಿ ನೋಡಿದರು. "ಎಂತ ಮೇಡಂ, ನಿನ್ನೆದೇ ಪಲ್ಯನಾ? ನಿಮ್ಮ ರೂಮಿನ ಹಿಂದಿನ ಬೀದಿಲಿ ಒಬ್ರು ಅಮ್ಮ ಊಟ ಹಾಕ್ತಾರೆ. ಬೋರ್ಡು ಗೀರ್ಡು ಎಂತದೂ ಇಲ್ಲ. ಬಾಗ್ಲಲ್ಲಿ ಚಪ್ಪಲಿ ಜಾಸ್ತಿ ಇರೋ ಮನೆ ನೋಡ್ಕಂಡು ಹೋಗಿ" ಎಂದರು.

ಹಾಗೆ ನೋಡಿಕೊಂಡೇ ಹೋದೆ. ಹೆಂಚಿನ ಮನೆ. ಮುಂದಿನ ಹಜಾರದಲ್ಲಿ ಎರಡು ಉದ್ದನೆಯ ಬೆಂಚು, ಎರಡು ಉದ್ದನೆಯ ಮೇಜು. ಹತ್ತು ಜನಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಹೊಸನಗರ ಬಸ್ಸಿನ ಕಂಡಕ್ಟರ್, ಬ್ಯಾಂಕಿನವರು ಇಬ್ಬರು, ಆಸ್ಪತ್ರೆಯ ನರ್ಸುಗಳು, ಕಾಲೇಜಿನ ಮೇಷ್ಟ್ರು, ಎಲ್ಲರೂ ಬೇರೆ ಊರಿನವರು, ಎಲ್ಲರೂ ಒಬ್ಬೊಬ್ಬರೇ ಇದ್ದವರು. ಬಡಿಸುತ್ತಿದ್ದ ಹೆಂಗಸಿಗೆ ಅರವತ್ತರ ಹತ್ತಿರದ ವಯಸ್ಸು. ಎಲ್ಲರೂ ಅವರನ್ನು ಅಮ್ಮ ಎನ್ನುತ್ತಿದ್ದರು. ನನಗೆ ಆಗಲೇ ತಲೆ ನರೆತಿತ್ತು, ಅಕ್ಕ ಎಂದೆ. ಅವರಿಗೂ ಅದು ಒಪ್ಪಿಗೆಯಾಯಿತು.

ಅಕ್ಕ ತೀರ್ಥಹಳ್ಳಿ ಕಡೆಯವರು. ದೇವಸ್ಥಾನದ ಪೂಜೆ, ಮಕ್ಕಳಿಗೆ ಪಾಠ, ಇಷ್ಟರಲ್ಲೇ ತಲೆಮಾರುಗಳನ್ನು ಕಳೆದ ಮನೆತನ. ಗಂಡ ಸಾಗರದ ಒಂದು ಖಾಸಗಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು, ಪಿಂಚಣಿ ಇಲ್ಲದ ಕೆಲಸ. ಅವರು ತೀರಿಕೊಂಡ ವರ್ಷ ಅಕ್ಕ ಈ ಊಟ ಶುರು ಮಾಡಿದ್ದರು. ಇದು ಬಿಟ್ಟರೆ ಅವರಿಗೆ ಬೇರೆ ಆದಾಯವೇ ಇರಲಿಲ್ಲ. ಆದರೆ ಆ ಮನೆತನದಲ್ಲಿ ಒಂದು ಮಾತಿತ್ತು, ಅನ್ನ ಹಾಕಬಹುದು, ಮಾರಬಾರದು. ಅದಕ್ಕೇ ಅವರು ಯಾವತ್ತೂ ಮೆಸ್ ಎಂದವರಲ್ಲ. "ನಮ್ಮಲ್ಲಿ ನಾಕು ಜನ ಊಟಕ್ಕೆ ಬರ್ತಾರೆ" ಎನ್ನುತ್ತಿದ್ದರು. ಕನ್ನಡಿಯ ಕೆಳಗಿನ ಗೂಡಿನಲ್ಲಿ ಒಂದು ಸ್ಟೀಲ್ ಡಬ್ಬಿ ಇರುತ್ತಿತ್ತು. ತಿಂಗಳ ಮೊದಲಿಗೆ ನಾವು ಅದರಲ್ಲಿ ಹಾಕಬೇಕಾದ್ದನ್ನು ಹಾಕುತ್ತಿದ್ದೆವು. ಆ ಹೊತ್ತಿಗೆ ಸರಿಯಾಗಿ ಅಕ್ಕನಿಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಕಂಡಕ್ಟರ್ ಇದನ್ನು ಕಂಡು, "ಅಮ್ಮ ನನ್ನ ಬಸ್ಸಲ್ಲಿ ಟಿಕೆಟ್ ಕೊಡೋಕೆ ಬಂದ್ರೆ ಟಿಕೆಟೇ ಹರಿಯೋದಿಲ್ಲ" ಎಂದು ನಗಿಸುತ್ತಿದ್ದರು.

ಹೊಸನಗರಕ್ಕೋ ತೀರ್ಥಹಳ್ಳಿಗೋ ಹೋದ ದಿನ ಬಸ್ಸು ತಡವಾದರೆ ನನ್ನ ಪಾಲನ್ನು ತಟ್ಟೆ ಮುಚ್ಚಿ ಇಟ್ಟಿರುತ್ತಿದ್ದರು. ಬಾಗಿಲಲ್ಲಿ ನನ್ನ ಕೊಡೆ ಕಂಡದ್ದೇ, "ಬಂದ್ರಾ? ಬಸ್ಸು ಲೇಟಾ?" ಎನ್ನುತ್ತಿದ್ದರು. ಇಡೀ ಸಾಗರದಲ್ಲಿ ನಾನು ಬಂದೆನೋ ಇಲ್ಲವೋ ಎಂದು ಕೇಳುತ್ತಿದ್ದವರು ಅವರೊಬ್ಬರೇ. ಆ ಪ್ರಶ್ನೆ ಕೇಳಿಸಿಕೊಳ್ಳಬೇಕೆಂದು ಎಷ್ಟೋ ದಿನ ಬೇಕೆಂದೇ ತಡ ಮಾಡಿ ಹೋಗಿದ್ದೇನೆ. ನಲವತ್ತೈದು ದಾಟಿದ ಸರ್ಕಾರಿ ನೌಕರಳು ಮಾಡುವ ಕೆಲಸವಲ್ಲ ಅದು.

ಹೀಗೆ ಒಂದು ವರ್ಷವಾಗುವಷ್ಟರಲ್ಲಿ ಊರಿಗೆ ಹೊಸ ಮಾಸ್ಟರ್ ಪ್ಲಾನ್ ಮಾಡಬೇಕೆಂದು ಆದೇಶ ಬಂತು. ಸಾಗರ ಬೆಳೆಯುತ್ತಿತ್ತು. ಜೋಗಕ್ಕೆ ಹೋಗುವ ಕಾರುಗಳಿಗಾಗಿ ಹೆದ್ದಾರಿಯುದ್ದಕ್ಕೂ ಹೋಟೆಲು, ಬೇಕರಿ. ನಾಟಿ ಗದ್ದೆಗಳಲ್ಲಿ ಲೇಔಟಿನ ಕಲ್ಲು. ಎಲ್ಲಿ ಏನಿದೆ ಎಂದು ಮೊದಲು ತಿಳಿಯಬೇಕಲ್ಲ, ಅದಕ್ಕೆ ಮನೆಮನೆಯ ಸರ್ವೆ. ಪ್ರತಿ ಕಟ್ಟಡಕ್ಕೂ ಒಂದು ಫಾರಂ, ವಾಸವೋ, ವಾಣಿಜ್ಯವೋ, ಎರಡೂ ಸೇರಿದ್ದೋ ಎಂದು ಗುರುತು ಹಾಕಿ ಸಹಿ ಮಾಡಬೇಕು. ನನ್ನ ರೂಮಿನ ಹಿಂದಿನ ಬೀದಿ ನನ್ನ ಪಾಲಿಗೇ ಬಂತು.

ನಮ್ಮ ಜನಕ್ಕೆ ಸರ್ವೆ ಎಂದರೆ ಹುಲಿ ಬಂದಂತೆ. ತಲೆತಲಾಂತರದಿಂದ ತೋಟ ಎಷ್ಟೆಕರೆ ಎಂದು ಕೇಳಿದರೆ ಅರ್ಧ ಹೇಳಿ ರೂಢಿ. ನಾನು ಬೀದಿಯ ಈ ತುದಿಗೆ ಕಾಲಿಡುವಷ್ಟರಲ್ಲಿ ಆ ತುದಿಯವರೆಗೂ ಸುದ್ದಿ ಮುಟ್ಟಿತ್ತು. ಟೈಲರ್ ತನ್ನ ಬೋರ್ಡನ್ನು ತಿರುಗಿಸಿ ಗೋಡೆಗೆ ಒರಗಿಸಿದ್ದ. ಹಿಟ್ಟಿನ ಗಿರಣಿಯವರು ಗಿರಣಿಗೆ ಹೊದಿಕೆ ಹೊದಿಸಿ, ಅದರ ಮೇಲೆ ದಿಂಬು ಇಟ್ಟು, "ಮಂಚ ಅದು ಮೇಡಂ" ಎಂದರು. ನಿಂತ ಮಂಚವನ್ನು ನಾನು ಮೊದಲ ಬಾರಿಗೆ ನೋಡಿದ್ದು. ತೆರಿಗೆ ಜಾಸ್ತಿಯಾಗುತ್ತದೆ, ಕರೆಂಟು ಬಿಲ್ಲು ಅಂಗಡಿ ದರಕ್ಕೆ ಏರುತ್ತದೆ ಎಂಬ ಭಯ ಅವರಿಗೆ. ಅಂಗಡಿ ಇದ್ದರೆ ಇದೆ ಅನ್ನಿ, ಮುಂದೆ ನಿಮಗೇ ಒಳ್ಳೆಯದು ಎಂದು ಬಾಯಿ ನೋಯುವಷ್ಟು ಹೇಳಿದೆ, ರೇಗಿದೆ. ಕಣ್ಣಾರೆ ಕಂಡದ್ದನ್ನೇ ಬರೆದುಕೊಂಡೆ. ಬೋರ್ಡು ತಿರುಗಿಸಿದ ಟೈಲರನದೂ ಅಂಗಡಿ ಎಂದೇ ಬರೆದೆ. ಅವನು ಒಂದು ವಾರ ನನ್ನ ಮುಖ ನೋಡಲಿಲ್ಲ.

ಆಮೇಲೆ ಅಕ್ಕನ ಮನೆ ಬಂತು. ಮಧ್ಯಾಹ್ನದ ಊಟ ಮುಗಿದು ಅವರು ಬೆಂಚು ಒರೆಸುತ್ತಿದ್ದರು. ನನ್ನ ಕೈಯಲ್ಲಿ ಫಾರಂ ಕಂಡು ಬಟ್ಟೆ ಕೆಳಗಿಟ್ಟರು.

"ನಮ್ದು ಎಂತ ಅಂತ ಬರಿತೀರಿ?"

"ಎರಡೂ. ಹಿಂದೆ ಮನೆ, ಮುಂದೆ ಊಟದ ವ್ಯವಹಾರ."

"ವ್ಯವಹಾರ ಅಂತ ಬೇಡ ಮಾರಾಯ್ರೆ" ಎಂದರು. ಅವರ ದನಿ ಸಣ್ಣದಾಗಿತ್ತು. "ತೆರಿಗೆಗೆ ಹೇಳ್ತಿಲ್ಲ ನಾನು, ಬೇಕಾದ್ರೆ ಕಟ್ತೀನಿ. ನಮ್ಮನೇಲಿ ಅನ್ನ ಮಾರಿದ್ದು ಅಂತ ಸರ್ಕಾರದ ಕಾಗದದಲ್ಲಿ ಉಳಿಯೋದು ಬೇಡ. ಮನೆ ಅಂತ್ಲೇ ಬರ್ಕಳಿ."

ಬೇರೆ ಯಾರಾದರೂ ಆಗಿದ್ದರೆ ಗದರುತ್ತಿದ್ದೆ. ಅವರು ನನ್ನನ್ನು ಏನನ್ನೂ ಕೇಳಿದವರಲ್ಲ, ಅದೇ ಮೊದಲು. ನನ್ನಿಂದ ಒಬ್ಬರಿಗೆ ಏನೋ ಆಗಬೇಕಾಗಿದೆ ಎಂಬುದೇ ನನಗೆ ಹಬ್ಬದ ಹಾಗಿತ್ತು. 'ಪೂರ್ತಿ ವಾಸ' ಎಂದು ಗುರುತು ಹಾಕಿ ಸಹಿ ಮಾಡಿದೆ, ಅಲ್ಲೇ ನಕ್ಷೆಯ ಮೇಲೆ ಹಳದಿ ಪೆನ್ಸಿಲ್ ತೀಡಿದೆ. ಅಕ್ಕ ನೋಡಿ, "ಚೆಂದ ಕಾಣ್ತದೆ" ಎಂದರು. ಆ ದಿನ ನನಗೆ ಮಾವಿನಕಾಯಿಯ ಅಪ್ಪೆಹುಳಿ ಒಂದು ಲೋಟ ಜಾಸ್ತಿ ಸಿಕ್ಕಿತು.

ಪ್ಲಾನ್ ತಯಾರಾಗಲು ಎರಡು ಮಳೆಗಾಲ ಹಿಡಿಯಿತು. ಹೆದ್ದಾರಿಯ ಎರಡು ಬದಿ ನೀಲಿಯಾಯಿತು, ಬರೆಸಿದ ಅಂಗಡಿಗಳ ಲೆಕ್ಕ ಸಾಲದೆ ಹಿಂದಿನ ಬೀದಿ ಹಳದಿಯಾಗಿಯೇ ಉಳಿಯಿತು. ಹಳದಿ ಬೀದಿಯಲ್ಲಿ ಹೊಸ ಅಂಗಡಿ, ಹೋಟೆಲು ಇಡುವಂತಿಲ್ಲ. ಸರ್ವೆಯ ದಿನ ಇದ್ದದ್ದು ಮಾತ್ರ ಇದ್ದ ಹಾಗೇ ಮುಂದುವರಿಯಬಹುದು. ಟೈಲರ್ ನನ್ನದೇ ಫಾರಂ ತೋರಿಸಿ ಉಳಿದುಕೊಂಡ, ಆಮೇಲೆ ಕಂಡಾಗಲೆಲ್ಲ ಕೈ ಮುಗಿಯುತ್ತಿದ್ದ. ಅಕ್ಕನಿಗೆ ನೋಟಿಸು ಬಂತು. ಲೈಸೆನ್ಸ್ ಇಲ್ಲದೆ ಊಟ ನಡೆಸುತ್ತಿದ್ದೀರಿ, ಈ ಬೀದಿಯಲ್ಲಿ ಲೈಸೆನ್ಸ್ ಕೊಡಲು ಬರುವುದಿಲ್ಲ, ನಿಲ್ಲಿಸಿ ಎಂದು. ಯಾರೋ ದೂರು ಕೊಟ್ಟಿದ್ದರು. ಅಕ್ಕನ ಹತ್ತಿರ ಬೋರ್ಡಿರಲಿಲ್ಲ, ರಸೀದಿ ಇರಲಿಲ್ಲ, ಒಂದು ಚೂರು ಕಾಗದವೂ ಇರಲಿಲ್ಲ. ಆ ಮನೆಯ ಬಗ್ಗೆ ಸರ್ಕಾರದಲ್ಲಿದ್ದ ಒಂದೇ ಕಾಗದ ನನ್ನ ಸಹಿಯ ಫಾರಂ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಇಲ್ಲಿ ಮಾಡಿದವಳು ನಾನು, ಉಣ್ಣುವವರು ಅವರು.

ಟೈಲರೇ ಕೂತು ಅಕ್ಕನಿಗೆ ಆಕ್ಷೇಪಣೆ ಅರ್ಜಿ ಬರೆದುಕೊಟ್ಟ. ಸರ್ವೆಗೂ ಎಷ್ಟೋ ವರ್ಷ ಮೊದಲಿನಿಂದ ಊಟ ಹಾಕುತ್ತಿದ್ದೇನೆ, ಮುಂದುವರಿಸಲು ಬಿಡಿ ಎಂದು. ವಿಚಾರಣೆಗೆ ದಿನ ಗೊತ್ತುಮಾಡಿದರು. ಹಿಂದಿನ ದಿನ ಮಧ್ಯಾಹ್ನ ಎಲ್ಲರೂ ಉಂಡು ಎದ್ದ ಮೇಲೆ ಅಕ್ಕ ನನ್ನೆದುರು ಕೂತರು.

"ನಾಳೆ ನೀವೂ ಇರ್ತೀರಲ್ಲ?"

"ಇರ್ತೀನಿ. ಫಾರಂ ಬರೆದವಳು ನಾನೇ ಅಲ್ವಾ."

"ಇಲ್ಲಿ ಊಟ ಇತ್ತು ಅಂತ ನೀವು ಹೇಳಿದ್ರೆ ನಿಮಗೆ ತೊಂದ್ರೆ ಆಗ್ತದಾ?"

"ಆಗುತ್ತೆ. ಸುಳ್ಳು ಬರೆದಿದ್ದಕ್ಕೆ ಸಸ್ಪೆಂಡ್ ಮಾಡಬಹುದು" ಎಂದೆ. ನನಗೆ ಅವರ ಮೇಲೆ ಸಿಟ್ಟಿತ್ತು, ನನ್ನ ಮೇಲೆ ಅದಕ್ಕಿಂತ ಹೆಚ್ಚಿತ್ತು. ಮಾತು ಒರಟಾಗಿಯೇ ಬಂತು. ಅಕ್ಕ ಎದ್ದು ನನ್ನ ತಟ್ಟೆ ತೆಗೆದುಕೊಂಡು ಒಳಗೆ ಹೋದರು. ಬೇರೆ ದಿನ ತಟ್ಟೆ ನಾವೇ ಎತ್ತುತ್ತಿದ್ದೆವು.

ಸಂಜೆ ರೂಮಿನಲ್ಲಿ ಕೂತು ಒಂದು ಕಾಗದ ಬರೆದೆ. ಸರ್ವೆಯ ದಿನ ಸದರಿ ಮನೆಯಲ್ಲಿ ಊಟದ ವ್ಯವಹಾರ ನಡೆಯುತ್ತಿತ್ತು, ಗೊತ್ತಿದ್ದೂ ನಾನು ವಾಸ ಎಂದು ನಮೂದಿಸಿದ್ದೇನೆ, ತಪ್ಪು ನನ್ನದು. ನಾಲ್ಕೇ ಸಾಲು. ಅದರ ಕೆಳಗೆ ಸಹಿಯನ್ನೂ ಹಾಕಿದೆ. ನೌಕರಿ ಹೋದರೆ ಎಲ್ಲಿಗೆ ಹೋಗುವುದೆಂದು ಯೋಚಿಸಿದೆ, ಒಂದೂ ಊರಿನ ಹೆಸರು ಹೊಳೆಯಲಿಲ್ಲ. ಆದರೂ ಕೊಡುವುದೆಂದೇ ನಿಶ್ಚಯ ಮಾಡಿಕೊಂಡೆ.

ವಿಚಾರಣೆಗೆ ಶಿವಮೊಗ್ಗದಿಂದ ಅಧಿಕಾರಿ ಬಂದಿದ್ದರು. ಒಳ್ಳೆಯ ಮನುಷ್ಯ, ಎಲ್ಲರ ಮಾತನ್ನೂ ತಾಳ್ಮೆಯಿಂದ ಕೇಳುತ್ತಿದ್ದರು. ನಾನು ಮೇಜಿನ ಪಕ್ಕದ ಕುರ್ಚಿಯಲ್ಲಿ, ಕಾಗದವನ್ನು ಮಡಿಸಿ ಕೈಯಲ್ಲೇ ಹಿಡಿದುಕೊಂಡು ಕೂತಿದ್ದೆ. ಅಕ್ಕನ ಸರದಿ ಬಂತು. ಮದುವೆಮನೆಗೆ ಹೋಗುವ ಸೀರೆ ಉಟ್ಟು ಬಂದಿದ್ದರು.

"ಬಹಳ ವರ್ಷದಿಂದ ಊಟ ನಡೆಸ್ತಿದೀನಿ ಅಂತ ಅರ್ಜಿಯಲ್ಲಿದೆ. ಸರ್ವೆ ಫಾರಂ ನೋಡಿದರೆ ಬರೀ ಮನೆ ಅಂತಿದೆ. ಯಾವುದು ಸರಿ ಅಮ್ಮಾ?" ಎಂದು ಅಧಿಕಾರಿ ಕೇಳಿದರು.

ಅಕ್ಕ ನನ್ನ ಕಡೆ ನೋಡಿದರು. ಆಮೇಲೆ ಅಧಿಕಾರಿಯ ಕಡೆ ತಿರುಗಿ, "ಊಟ ಹಾಕ್ತಿದ್ದೆ ಸ್ವಾಮಿ. ಮಾರ್ತಿರ್ಲಿಲ್ಲ" ಎಂದರು.

"ದಿನಾ ಹತ್ತು ಜನ ಬರ್ತಾರಂತಲ್ಲ?"

"ಬರ್ತಾರೆ. ಎಲ್ಲ ನೆಂಟರೇ." ಹಿಂದೆ ಕೂತವರು ನಕ್ಕರು. ಅಕ್ಕ ನಗಲಿಲ್ಲ. ನನ್ನತ್ತ ಕೈ ತೋರಿಸಿ, "ಇವ್ರೂ ನಮ್ಮನೆ ನೆಂಟರೇ" ಎಂದರು.

ಅಧಿಕಾರಿ ನನ್ನ ಕಡೆ ತಿರುಗಿದರು. "ಹೌದಾ ಮೇಡಂ?"

ಅಕ್ಕ ನನ್ನನ್ನೇ ನೋಡುತ್ತಿದ್ದರು. ಆ ಕ್ಷಣ ನನಗೇನಾಯಿತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ನನಗೆ ಸಂತೋಷವಾಯಿತು. ಹತ್ತು ಜನರ ಎದುರು ಒಬ್ಬರು ನನ್ನನ್ನು ತಮ್ಮ ಪೈಕಿ ಎಂದಿದ್ದರು. ಅದರ ಬೆನ್ನಿಗೇ, ಇನ್ನು ಈ ಕಾಗದ ಕೊಡಬೇಕಾಗಿಲ್ಲ ಎಂದೂ ಹೊಳೆಯಿತು. ಎರಡೂ ಸೇರಿ ನನ್ನ ಬಾಯಿಂದ ಒಂದೇ ಮಾತು ಹೊರಟಿತು.

"ಹೌದು ಸರ್."

"ಹಾಗಾದರೆ ಅದು ಮನೆಯೇ ಆಯ್ತಲ್ಲ" ಎಂದ ಅವರು ಅರ್ಜಿಯ ಮೇಲೆ 'ತಿರಸ್ಕರಿಸಿದೆ' ಎಂದು ಬರೆದರು. ಅಕ್ಕ ಸೆರಗು ಸರಿಮಾಡಿಕೊಂಡು ಒಂದು ಗಳಿಗೆ ಅಲ್ಲೇ ನಿಂತಿದ್ದರು. ಆಮೇಲೆ ಕೊಡೆ ತೆಗೆದುಕೊಂಡು ಹೊರಟರು. ಮುಂದಿನ ಅರ್ಜಿ ಹೆದ್ದಾರಿಯ ಒಂದು ಪೆಟ್ರೋಲ್ ಬಂಕಿನದು, ಅದು ಒಂದು ತಾಸು ಹಿಡಿಯಿತು.

ತಿಂಗಳ ಕೊನೆಗೆ ಊಟ ನಿಂತಿತು. ಕೊನೆಯ ವಾರ ನಾನು ಹೋಗಲಿಲ್ಲ, ತೀರ್ಥಹಳ್ಳಿಯ ಕೆಲಸವೆಂದು ನೆಪ ಹೇಳಿದೆ. ಕಂಡಕ್ಟರ್ ಬಸ್‌ಸ್ಟ್ಯಾಂಡಿನ ಕ್ಯಾಂಟೀನಿಗೆ ಹೋಗತೊಡಗಿದರು, ನರ್ಸುಗಳು ಸೇರಿ ಒಂದು ಮನೆ ಮಾಡಿದರು. ನಾನು ಹೆದ್ದಾರಿಯ ಹೋಟೆಲೊಂದರಲ್ಲಿ ತಿನ್ನುತ್ತಿದ್ದೆ. ಅಲ್ಲಿ ಟೋಕನ್ ತೆಗೆದುಕೊಂಡರೆ ಸಾಕು, ಬಾಯಿ ಬಿಡಬೇಕಾಗಿಲ್ಲ. ಆ ಕಾಗದ ನನ್ನ ಬ್ಯಾಗಿನಲ್ಲೇ ಇತ್ತು. ಮರುದಿನ ಕೊಡಬಹುದಿತ್ತು, ಅದರ ಮರುದಿನವೂ ಕೊಡಬಹುದಿತ್ತು. ಮೇಲ್ಮನವಿಗೆ ಅವಕಾಶವಿತ್ತು, ಅದರ ಅವಧಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆ ಅವಧಿ ಮುಗಿಯುವವರೆಗೂ ದಿನಾ ನಾಳೆ ಎಂದುಕೊಂಡೆ.

ಒಂದು ದಿನ ಅಕ್ಕನೇ ಫೋನ್ ಮಾಡಿದರು. "ನಾಡಿದ್ದು ತೀರ್ಥಹಳ್ಳಿಗೆ ಹೊರಟೆ. ಅಲ್ಲೊಂದು ಕಲ್ಯಾಣ ಮಂಟಪದಲ್ಲಿ ಅಡಿಗೆಗೆ ಜನ ಬೇಕಂತೆ. ನಾಳೆ ಭಾನುವಾರ ಅಲ, ಊಟಕ್ಕೆ ಬನ್ನಿ" ಎಂದರು.

ಹೋದೆ. ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಗೆ ಸೇರಿಸಿದ್ದರು. ಹಜಾರ ಎಷ್ಟು ದೊಡ್ಡದಿತ್ತೆಂದು ಆವತ್ತೇ ನನಗೆ ಗೊತ್ತಾದದ್ದು. ಅಡುಗೆಮನೆಯಲ್ಲಿ ನೆಲದ ಮೇಲೆ ಬಾಳೆ ಎಲೆ ಹಾಕಿದರು, ನನಗೊಂದು, ಅವರಿಗೊಂದು. ಎರಡು ತುತ್ತು ಉಂಡ ಮೇಲೆ ನನಗೆ ತಡೆಯಲಾಗಲಿಲ್ಲ.

"ಆವತ್ತು ನಾನು ಬರೆದುಕೊಂಡು ಬಂದಿದ್ದೆ ಅಕ್ಕ. ತಪ್ಪು ನನ್ನದು ಅಂತ. ಕೊಡುವವಳೇ ಇದ್ದೆ."

"ಗೊತ್ತು. ಕೈಯಲ್ಲಿ ಕಾಗದ ಇತ್ತಲ, ಕಂಡಿತ್ತು."

"ನೀವು ಯಾಕೆ ಹಾಗೆ ಹೇಳಿದಿರಿ? ನೆಂಟರು ಅಂತ?"

ಅಕ್ಕ ಎಲೆಯ ಮೇಲಿನ ಅನ್ನ ಕಲಸಿದರು.

"ನಿಮಗೆ ತೊಂದ್ರೆ ಆಗ್ತದೆ ಅಂದ್ರಲ್ಲ. ನೀವು ತಪ್ಪು ಬರ್ದಿದ್ದು ಅಂತ ನನ್ನ ಬಾಯಲ್ಲಿ ಹೆಂಗೆ ಹೇಳ್ಲಿ? ನನಗೇನೂ ಬೇಡ ಅನ್ನೋ ಹಂಗೆ ಹೇಳ್ದೆ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಬೇಡ ಅಂದೋರಿಗೆ ಇನ್ನೊಂದ್ಸಲ ಕೇಳ್ಬೇಕು ಮಾರಾಯ್ರೆ. ಎಲೆ ಮುಂದೆ ಕೂತೋರು ಸಾಕು ಅಂದ್ರೂ ನಾವು ಬಡಿಸ್ತೀವಲ, ಹಂಗೆ. ನೀವು ಅಲ್ಲ ಸರ್, ಅಲ್ಲಿ ಊಟ ಇತ್ತು ಅಂತೀರಿ ಅಂತ ಮಾಡಿದ್ದೆ. ಹೌದು ಅಂದ್ಬಿಟ್ರಿ."

ಕ್ವಾರ್ಟರ್ಸಿನಲ್ಲಿ ಬೆಳೆದವಳಿಗೆ ಇದೆಲ್ಲ ತಿಳಿಯದು ಎಂದು ಹೇಳಬೇಕೆನ್ನಿಸಿತು. ಅದು ಸುಳ್ಳು. ಅವರು ನನ್ನ ಕಡೆ ನೋಡುತ್ತ ನಿಂತಿದ್ದಾಗಲೇ ನನಗೆ ಎಲ್ಲ ತಿಳಿದಿತ್ತು.

ಅಕ್ಕ ಎದ್ದು ಅನ್ನದ ಪಾತ್ರೆ ತಂದರು. ನನ್ನ ಎಲೆಯ ಮುಂದೆ ಬಗ್ಗಿ, "ಅನ್ನ?" ಎಂದರು.

ಸಾಕು ಅಂದೆ.

ಅವರು ಮತ್ತೆ ಕೇಳದೆ ಪಾತ್ರೆಯನ್ನು ಒಲೆಯ ಬಳಿಗೆ ತೆಗೆದುಕೊಂಡು ಹೋದರು.